ಕಾರು ತಗ್ಗಿಸುವ ಮುನ್ನ ಮಲೆನಾಡಿನ ರಸ್ತೆ ಅಳೆಯಿರಿ

ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ತಗ್ಗಿಸಬೇಕು, ಬಾಡಿ ನೆಲಕ್ಕೆ ಹತ್ತಿರ ಕೂರಬೇಕು ಅಂದವರೆಲ್ಲ ಮೊದಲು ಕೇಳುವುದು ‘ಎಷ್ಟು ಇಳಿಸಬಹುದು’ ಅಂತ. ಶಿವಮೊಗ್ಗದಲ್ಲಿ, ಅದರಲ್ಲೂ ವಾರಕ್ಕೊಮ್ಮೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಊರಿಗೆ ಹೋಗಿಬರುವ ಕಾರಿಗೆ, ಕೇಳಬೇಕಾದ್ದು ಬೇರೆ. ಇಳಿಸಿದ ಮೇಲೆ ಚಕ್ರ ಮೇಲಕ್ಕೆ ಏರಲು ಎಷ್ಟು ಜಾಗ ಉಳಿಯುತ್ತದೆ? ಈ ಲೆಕ್ಕ ಸರಿಯಿದ್ದರೆ ಉಳಿದದ್ದನ್ನೆಲ್ಲ ಗ್ಯಾರೇಜಿನಲ್ಲಿ ಸರಿಮಾಡಿಕೊಳ್ಳಬಹುದು. ಇದೇ ತಪ್ಪಿದರೆ ಚಕ್ರಗಳ ಕೋನ ಸರಿಪಡಿಸುವ ಎಷ್ಟು ಒಳ್ಳೆಯ ಅಲೈನ್‌ಮೆಂಟ್ ಮಾಡಿಸಿದರೂ ಒಂದು ಮಳೆಗಾಲ ದಾಟುವುದಿಲ್ಲ.

ಒಂದು ಉದಾಹರಣೆ ನೋಡಿ. ಕಾರು ನಿಂತಾಗ ಮುಂದಿನ ಚಕ್ರಕ್ಕೆ ಬಂಪ್ ಸ್ಟಾಪ್ (ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮುಟ್ಟುವವರೆಗೆ 80 ಮಿ.ಮೀ. ಏರುವ ಜಾಗ ಇದೆ ಅಂದುಕೊಳ್ಳಿ. ಶಾಕ್ ಅಬ್ಸಾರ್ಬರ್ ಮುಟ್ಟದೆ ಸ್ಪ್ರಿಂಗ್ ಮಾತ್ರ ಬದಲಿಸಿ 30 ಮಿ.ಮೀ. ಇಳಿಸಿದರೆ ಉಳಿಯುವುದು 50. ಜಾಗ ಅರ್ಧಕ್ಕಿಂತ ಹೆಚ್ಚೇ ಉಳಿಯಿತಲ್ಲ ಅನ್ನಿಸುತ್ತದೆ. ಆದರೆ ಸ್ಪ್ರಿಂಗ್ ನುಂಗಿಕೊಳ್ಳುವ ಶಕ್ತಿ ಆ ದೂರದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 80ರ ವರ್ಗ 6400, 50ರ ವರ್ಗ 2500. ಅಂದರೆ ಅದೇ ಗಡಸಿನ ಸ್ಪ್ರಿಂಗ್ ಮೊದಲು ತಡೆಯುತ್ತಿದ್ದ ಪೆಟ್ಟಿನಲ್ಲಿ ಶೇ 39ರಷ್ಟನ್ನು ಮಾತ್ರ ತಡೆಯಬಲ್ಲದು. ಮೊದಲಿನಷ್ಟೇ ತಡೆಯಬೇಕೆಂದರೆ ಎರಡೂವರೆ ಪಟ್ಟು ಗಡಸು ಸ್ಪ್ರಿಂಗ್ ಬೇಕು. ರಸ್ತೆಯ ಮೇಲೆ ಓಡಿಸುವ ಕಾರಿಗೆಂದು ಮಾರುವ ಲೋವರಿಂಗ್ ಸ್ಪ್ರಿಂಗುಗಳು ಅಷ್ಟು ಗಡಸು ಇರುವುದಿಲ್ಲ, ಇದ್ದರೆ ಕೂರಲೂ ಆಗುವುದಿಲ್ಲ. ಉಳಿದ ಪೆಟ್ಟು ಬಂಪ್ ಸ್ಟಾಪಿಗೆ, ಅಲ್ಲಿಂದ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಟ್ಟಿಗೆ ಹೊತ್ತ ಸ್ಟ್ರಟ್‌ನ ಮೇಲಿನ ಮೌಂಟಿಗೆ, ಅಲ್ಲಿಂದ ಬಾಡಿಯ ತಗಡಿಗೆ ಹೋಗುತ್ತದೆ. ತಗ್ಗಿಸಿದ ಕಾರಿನಲ್ಲಿ ಮೌಂಟಿನ ರಬ್ಬರ್ ಬೇಗ ಹರಿಯುವುದೂ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುವುದೂ ಇದರಿಂದಲೇ.

ಘಾಟಿಯಲ್ಲಿ ಈ 50 ಮಿ.ಮೀ. ಕೂಡ ಪೂರ್ತಿ ಸಿಗುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಬ್ರೇಕಿನ ಮೇಲೇ ಕಾಲಿರುತ್ತದೆ, ಭಾರ ಮುಂದಕ್ಕೆ ಬಂದು ಮೂತಿ ತಗ್ಗಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಇನ್ನಷ್ಟು ಒಳಗೆ ಕೂತಿರುತ್ತದೆ. ಮಳೆನೀರು ಹರಿದು ಡಾಂಬರು ಕಿತ್ತ ಗುಂಡಿಗಳು ಆಗುವುದೂ ತಿರುವಿನಲ್ಲೇ. ಹುಲಿಕಲ್ ಘಾಟಿಯಲ್ಲೂ ಇದೇ ಕಥೆ. ಬಯಲುಸೀಮೆಯ ನೇರ ರಸ್ತೆಯಲ್ಲಿ 40 ಮಿ.ಮೀ. ಇಳಿಸಿ ಆರಾಮಾಗಿ ಓಡಿಸುವವರ ಮಾತು ನಮಗೆ ಹೊಂದದಿರುವುದು ಇದಕ್ಕೇ.

ಇನ್ನು ಹೊಟ್ಟೆಯ ಕೆಳಗಿನ ಜಾಗ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಳತೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಂಡು. 2018ರ ನಂತರದ ಸ್ವಿಫ್ಟ್‌ನ ವೀಲ್‌ಬೇಸ್ 2450 ಮಿ.ಮೀ. ಇಂಥ ಹಂಪಿನ ಮೇಲೆ ನಾಲ್ಕೂ ಚಕ್ರ ಹತ್ತಿ ನಿಂತಾಗ ಹಂಪಿನ ಬೆನ್ನು ಕಾರಿನ ನಡುವೆ ಮೇಲೇಳುವುದು 44 ಮಿ.ಮೀ. ಮಾತ್ರ. ತಗ್ಗಿಸಿದ ಕಾರೂ ಸಲೀಸಾಗಿ ದಾಟುತ್ತದೆ. ತೊಂದರೆ ಇರುವುದು ಶಾಲೆಯ ಮುಂದೆ, ದೇವಸ್ಥಾನದ ತಿರುವಿನಲ್ಲಿ ಊರವರೇ ಕಾಂಕ್ರೀಟ್ ಸುರಿದು ಕಟ್ಟಿದ, ಎರಡಡಿ ಅಗಲವೂ ಇಲ್ಲದ ಹಂಪುಗಳಲ್ಲಿ. ಅಲ್ಲಿ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಇದ್ದು ಹಂಪಿನ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬರುತ್ತದೆ. ಅದೇ ಸ್ವಿಫ್ಟ್‌ಗೆ ಖಾಲಿ ಇದ್ದಾಗ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ನಾಲ್ಕು ಜನ, ಡಿಕ್ಕಿಯಲ್ಲಿ ಸಾಮಾನು ಅಂದರೆ 30-40 ಮಿ.ಮೀ. ಕೂರುತ್ತದೆ. ಮೇಲೆ ನೀವು 30 ಇಳಿಸಿದರೆ ಉಳಿಯುವುದು ನೂರರ ಆಚೀಚೆ. 12 ಸೆಂ.ಮೀ. ಎತ್ತರದ ಹಂಪು ಸೈಲೆನ್ಸರ್ ಪೈಪನ್ನೋ ಆಯಿಲ್ ಚೇಂಬರನ್ನೋ ಹುಡುಕಿಕೊಂಡು ಬರುತ್ತದೆ.

ಅಡಿಕೆ ತೋಟದ ಮನೆಗಳಿಗೆ ಹೋಗುವ ಮಣ್ಣುರಸ್ತೆ ಇನ್ನೂ ಕಷ್ಟ. ಟ್ರ್ಯಾಕ್ಟರ್, ಜೀಪು ಓಡಾಡಿ ಎರಡು ಚಕ್ರದ ಜಾಡು ಆಳವಾಗುತ್ತವೆ, ನಡುವೆ ಹುಲ್ಲು ಬೆಳೆದ ದಿಬ್ಬ ನಿಲ್ಲುತ್ತದೆ. ಜೂನ್ ಕಳೆಯುವಷ್ಟರಲ್ಲಿ ಆ ಹುಲ್ಲಿನೊಳಗೆ ಜಂಬಿಟ್ಟಿಗೆ ಕಲ್ಲು ಎದ್ದಿರುತ್ತದೆ, ಮೇಲಿಂದ ಕಾಣುವುದಿಲ್ಲ. ಸ್ಪ್ರಿಂಗ್ ಕೊಳ್ಳುವ ಮುಂಚೆ ಮನೆಯ ದಾರಿಯಲ್ಲಿ ಅತಿ ಎತ್ತರದ ದಿಬ್ಬ ಎಲ್ಲಿದೆ ನೋಡಿ, ದಿಬ್ಬದ ಮೇಲೆ ಎರಡೂ ಜಾಡಿಗೆ ಅಡ್ಡಲಾಗಿ ಒಂದು ನೇರ ಕೋಲು ಮಟ್ಟವಾಗಿ ಇಟ್ಟು, ಎರಡೂ ತುದಿಯಲ್ಲಿ ಕೋಲಿಗೂ ಜಾಡಿಗೂ ಇರುವ ಅಂತರಕ್ಕೆ ಟೇಪ್ ಹಿಡಿಯಿರಿ. ಈ ಒಂದು ಅಳತೆ ಇಂಟರ್ನೆಟ್ಟಿನ ಎಲ್ಲ ಸಲಹೆಗಿಂತ ಬೆಲೆಬಾಳುವಂಥದ್ದು. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ದಿನಾ ಓಡಿಸುವ ಹ್ಯಾಚ್‌ಬ್ಯಾಕ್‌ಗೆ 25 ಮಿ.ಮೀ. ಮಿತಿ. ಅದನ್ನೂ ಅಷ್ಟೇ ಗಿಡ್ಡವಾದ, ಆ ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿ ಮಾಡಬೇಕು.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಎನ್ನುತ್ತದೆ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಬಳಿಯೂ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಳಿಸುವ ದಾರಿಗಳಲ್ಲಿ ಅಗ್ಗದ್ದು ಸುರುಳಿ ಕತ್ತರಿಸುವುದು. ಇದನ್ನು ಮಾಡಬೇಡಿ. ಆರು ಸುರುಳಿ ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದನ್ನು ತೆಗೆದರೆ ಗಡಸುತನ ಶೇ 20 ಏರುತ್ತದೆ, ಅಷ್ಟರಮಟ್ಟಿಗೆ ಲೆಕ್ಕ ಸರಿಯೇ. ಆದರೆ ತುದಿಯ ಸುರುಳಿ ಸೀಟಿಗೆ ಕೂರುವಂತೆ ಬಾಗಿಸಿ ಮಾಡಿರುತ್ತಾರೆ, ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಗ್ಯಾಸಿನಲ್ಲಿ ಕತ್ತರಿಸಿದರೆ ಕಾವು ತಗುಲಿದ ಉಕ್ಕು ತನ್ನ ಹದ ಕಳೆದುಕೊಂಡು, ಮುರಿದರೆ ಅಲ್ಲೇ ಮುರಿಯುತ್ತದೆ. ಸ್ಪ್ರಿಂಗನ್ನು ಕಾಯಿಸಿ ಕೂರಿಸುವುದು ಇದಕ್ಕಿಂತ ಕೆಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಚಕ್ರ ಗುಂಡಿಯಲ್ಲಿ ಇಳಿದು ಶಾಕ್ ಅಬ್ಸಾರ್ಬರ್ ಪೂರ್ತಿ ಉದ್ದವಾದಾಗಲೂ ಸ್ಪ್ರಿಂಗ್ ಎರಡು ಸೀಟಿನ ನಡುವೆ ಒತ್ತಿಕೊಂಡೇ ಇರಬೇಕು. ಕತ್ತರಿಸಿದ ಸ್ಪ್ರಿಂಗ್ ಆ ಕ್ಷಣದಲ್ಲಿ ಸಡಿಲವಾಗುತ್ತದೆ, ಟಣ್ ಅನ್ನುತ್ತದೆ, ಕೆಲವೊಮ್ಮೆ ಓರೆಯಾಗಿ ಕೂರುತ್ತದೆ. ಒಳ್ಳೆಯ ಲೋವರಿಂಗ್ ಸ್ಪ್ರಿಂಗಿಗೂ ಇದೇ ಪರೀಕ್ಷೆ: ಜೋಡಿಸಿದ ಮೇಲೆ ಕಾರು ಜಾಕಿಯ ಮೇಲಿದ್ದಾಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಆ ಸೆಟ್ ನಿಮ್ಮ ಕಾರಿಗಲ್ಲ.

ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಮೂರನೆಯ ದಾರಿ. ಇದರಲ್ಲಿ ಶಾಕ್ ಅಬ್ಸಾರ್ಬರಿನ ಮೈಮೇಲಿನ ಎಳೆಗಳಲ್ಲಿ (ಥ್ರೆಡ್) ಕಾಲರ್ ತಿರುಗಿಸಿ ಸ್ಪ್ರಿಂಗಿನ ಸೀಟು ಏರಿಳಿಸುತ್ತಾರೆ. ಒಳ್ಳೆಯದೇ, ಆದರೆ ಆ ಎಳೆಗಳಿಗೆ ಮಲೆನಾಡಿನ ಕೆಂಪು ಕೆಸರು ಶತ್ರು. ವರ್ಷಕ್ಕೆರಡು ಸಲ ಬ್ರಷ್ ಹಾಕಿ ತೊಳೆದು, ಒಣಗಿಸಿ, ಒಣ ಲೂಬ್ರಿಕೆಂಟ್ ಹೊಡೆಯದಿದ್ದರೆ ಕಾಲರ್ ಹಿಡಿದುಕೊಳ್ಳುತ್ತದೆ. ಆಮೇಲೆ ಎತ್ತರ ಹೊಂದಿಸುವ ಮಾತೇ ಇಲ್ಲ. (ನಮ್ಮ ಕಡೆ ತಗ್ಗಿಸುವವರಿಗಿಂತ ಸ್ಪೇಸರ್ ಹಾಕಿ ಏರಿಸುವವರು ಕಡಿಮೆಯಿಲ್ಲ. ಮುಂದೆ ಹೇಳುವ ಅಲೈನ್‌ಮೆಂಟಿನ ಮಾತೆಲ್ಲ ಅವರಿಗೂ ಅನ್ವಯ. ಕೋನಗಳು ತಿರುಗುವ ದಿಕ್ಕು ಮಾತ್ರ ಉಲ್ಟಾ.)

ಕೆಲಸ ಶುರುವಾಗುವುದು ಹಿಂದಿನ ಸಂಜೆ. ಮಳೆಯ ಊರಿನ ಕಾರಿನಲ್ಲಿ ಟೈ ರಾಡಿನ (ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳು) ಲಾಕ್ ನಟ್, ಲಿಂಕ್ ರಾಡಿನ ನಟ್, ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟ್ ತುಕ್ಕು ಹಿಡಿದಿರುತ್ತವೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾರು ಸಮನೆಲದಲ್ಲಿರುವಾಗಲೇ ನಾಲ್ಕೂ ಚಕ್ರದ ನಡುಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಡಿಮೆ ಇದ್ದರೆ ಲೆಕ್ಕ ಕೆಡುತ್ತದೆ. ಸ್ಟ್ರಟ್ ಮತ್ತು ನಕಲ್ (ಚಕ್ರದ ನಡುಭಾಗವಾದ ಹಬ್ ಕೂರುವ ಲೋಹದ ತುಂಡು) ಕೂಡುವ ಕಡೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಜೋಡಿಸುವಾಗ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೊದಲಿನ ಹತ್ತಿರ ಬರಲು ಅದು ಸಹಾಯ.

ಮುಂದಿನ ಸ್ಟ್ರಟ್ ಬಿಚ್ಚುವಾಗ ಎಬಿಎಸ್ ವೈರಿನ ಕ್ಲಿಪ್ಪು, ಬ್ರೇಕ್ ಹೋಸಿನ ಬ್ರಾಕೆಟ್ಟು, ಲಿಂಕ್ ರಾಡು, ಕೆಳಗಿನ ಎರಡು ಬೋಲ್ಟು, ಕೊನೆಗೆ ಬಾನೆಟ್ ಒಳಗಿನ ನಟ್ಟುಗಳು, ಈ ಕ್ರಮ. ನಕಲ್ ಹೊರಕ್ಕೆ ವಾಲಿ ಬ್ರೇಕ್ ಹೋಸಿನಲ್ಲಿ ನೇತಾಡಬಾರದು, ತಂತಿ ಕಟ್ಟಿ ನಿಲ್ಲಿಸಿ. ತುಂಬಾ ಎಳೆದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎದುರುಬದುರಾಗಿ ಹಾಕಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಸರದಿಯಂತೆ ಕೈಪಾನಾದಲ್ಲಿ ಬಿಗಿಯಿರಿ, ಇಂಪ್ಯಾಕ್ಟ್ ಗನ್ ಬೇಡ. ಒತ್ತಿದ ಸ್ಪ್ರಿಂಗಿನ ತುದಿ ಯಾರ ಮುಖದ ಕಡೆಗೂ ಇರಬಾರದು. ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯವಿರುವ ಎರಡು ಜಾಗಗಳೆಂದರೆ ಇದು ಮತ್ತು ಜಾಕಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಮೇಲಿನ ನಟ್ಟನ್ನು ರಿಂಗ್ ಪಾನಾದಲ್ಲಿ ಹಿಡಿದು, ರಾಡ್ ತಿರುಗದಂತೆ ಅಲೆನ್ ಕೀ ಕೊಟ್ಟು ತೆಗೆಯಿರಿ. ಮೌಂಟಿನ ಬೇರಿಂಗ್ ಬೆರಳಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಅನ್ನಿಸಿದರೆ ಈಗಲೇ ಬದಲಿಸಿ. ಹೊಸ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಬಂಪ್ ಸ್ಟಾಪನ್ನು ಸ್ಪ್ರಿಂಗ್ ತಯಾರಕರು ಹೇಳಿದಷ್ಟು ಮಾತ್ರ ಕತ್ತರಿಸಿ. ಪೂರ್ತಿ ತೆಗೆದರೆ ಶಾಕ್ ಅಬ್ಸಾರ್ಬರ್ ಒಳಗಿನ ಪಿಸ್ಟನ್ ತಳಕ್ಕೇ ಹೊಡೆಯುತ್ತದೆ.

ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರವನ್ನು ಕೂಡಿಸುವ ಅಡ್ಡತೊಲೆ) ಇರುವುದರಿಂದ ಹಿಂದಿನ ಕೆಲಸ ಸುಲಭ: ಎರಡೂ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆದು ಬೀಮನ್ನು ಜಾಕಿಯಲ್ಲಿ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್ ಎಳೆಯದಂತೆ ನೋಡಿಕೊಂಡರೆ ಸಾಕು.

ಇನ್ನು ಬುಷ್. ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಲೋವರ್ ಆರ್ಮಿನ (ಚಕ್ರವನ್ನು ಬಾಡಿಗೆ ಕೂಡಿಸುವ ಕೆಳತೋಳು) ಬುಷ್ಷು ತಿರುಗುವ ಬೇರಿಂಗ್ ಅಲ್ಲ. ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ರಬ್ಬರನ್ನು ಅಂಟಿಸಿರುತ್ತಾರೆ, ಆರ್ಮ್ ಏರಿಳಿದಾಗ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಆರ್ಮಿನ ಉದ್ದ 350 ಮಿ.ಮೀ. ಅಂದುಕೊಳ್ಳಿ. ಕಾರು ಲಿಫ್ಟಿನ ಮೇಲಿದ್ದಾಗ ಚಕ್ರ ಸುಮಾರು 80 ಮಿ.ಮೀ. ಕೆಳಗೆ ನೇತಾಡುತ್ತದೆ, ಅಂದರೆ ಆರ್ಮ್ 13 ಡಿಗ್ರಿ ಕೆಳಗೆ ವಾಲಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಬುಷ್ 13 ಡಿಗ್ರಿ ತಿರುಚಿಕೊಂಡೇ ಬದುಕಬೇಕು. ಗುಂಡಿ ಬಂದಾಗ ಇನ್ನೂ ತಿರುಚುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅಷ್ಟೇ ಅಲ್ಲ, ತಿರುಚಿದ ರಬ್ಬರ್ ಕಾರನ್ನು ಮೇಲಕ್ಕೆ ತಳ್ಳುತ್ತಿರುವುದರಿಂದ ಎತ್ತರದ ಅಳತೆಯೂ ಸುಳ್ಳು. ಸ್ಪ್ರಿಂಗ್ ಮಾತ್ರ ಬದಲಿಸುವವರು ಈ ಬೋಲ್ಟನ್ನು ಮುಟ್ಟುವುದೇ ಇಲ್ಲ, ಆಗ ಬುಷ್ ಹಳೆಯ ಎತ್ತರಕ್ಕೇ ಬಿಗಿದಿರುತ್ತದೆ. 25 ಮಿ.ಮೀ. ಇಳಿಸಿದರೂ ಸುಮಾರು 4 ಡಿಗ್ರಿ ತಿರುಚು. ಆದ್ದರಿಂದ ಲೋವರ್ ಆರ್ಮಿನ ಬೋಲ್ಟ್‌ಗಳನ್ನು, ಹಿಂದಿನ ಬೀಮಿನ ಎರಡು ದೊಡ್ಡ ಬೋಲ್ಟ್‌ಗಳನ್ನು ಸಡಿಲಿಸಿ. ಹೊಸ ಸ್ಪ್ರಿಂಗಿನಲ್ಲಿ ಕಾರನ್ನು ನೆಲದ ಮೇಲೆ ಒಂದೆರಡು ಗಜ ಹಿಂದೆ ಮುಂದೆ ತಳ್ಳಿ, ಕುಲುಕಿ ಕೂರಿಸಿ, ಎತ್ತರ ಅಳೆಯಿರಿ. ಆಮೇಲೆ ಚಕ್ರ ರ‍್ಯಾಂಪಿನ ಮೇಲಿದ್ದಾಗ, ಅಥವಾ ಹಬ್ಬಿನ ಕೆಳಗೆ ಜಾಕಿ ಕೊಟ್ಟು ಅದೇ ಎತ್ತರಕ್ಕೆ ತಂದು, ಸರ್ವಿಸ್ ಮ್ಯಾನುಯಲ್‌ನ ಟಾರ್ಕಿಗೆ ಬಿಗಿಯಿರಿ. ಒಂದು ಗಂಟೆಯ ಹೆಚ್ಚುವರಿ ಕೆಲಸ. ಇದನ್ನು ಮಾಡದ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಈಗ ಅಲೈನ್‌ಮೆಂಟ್. ಕಾರು ಇಳಿದಾಗ ಮುಂದಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಅಂದರೆ ಕ್ಯಾಂಬರ್ ಋಣ ದಿಕ್ಕಿಗೆ ಹೋಗುತ್ತದೆ. ಲೋವರ್ ಆರ್ಮಿನ ಹೊರತುದಿ ಒಳತುದಿಗಿಂತ ಕೆಳಗಿರುವವರೆಗೆ ಹೀಗೆ. ಆರ್ಮ್ ಸಮತಲ ದಾಟಿ ಹೊರತುದಿ ಮೇಲೆ ಹೋದರೆ ಆ ತುದಿಯ ಬಾಲ್ ಜಾಯಿಂಟನ್ನು ಅದು ಒಳಕ್ಕೆ ಎಳೆಯಲು ಶುರುಮಾಡುತ್ತದೆ, ತಿರುವಿನಲ್ಲಿ ಸಿಗಬೇಕಾದ ಕ್ಯಾಂಬರ್ ಸಿಗುವುದಿಲ್ಲ. ಜೊತೆಗೆ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿದಿರುತ್ತದೆ. ಹಾಗಾಗಿ ಕಾರನ್ನು ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ತೀರಾ ತಗ್ಗಿಸಿದ ಕಾರು ನೋಡಲು ಚುರುಕಾಗಿದ್ದರೂ ತಿರುವಿನಲ್ಲಿ ಕಂಪನಿ ಎತ್ತರದ ಕಾರಿಗಿಂತ ಕೆಟ್ಟದಾಗಿ ನಡೆದುಕೊಳ್ಳುವುದಕ್ಕೆ ಕಾರಣ ಇದು.

ಆದರೆ ಟೈರನ್ನು ಹೆಚ್ಚು ತಿನ್ನುವುದು ಕ್ಯಾಂಬರ್ ಅಲ್ಲ, ಟೋ (ಮೇಲಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ). ಟೈ ರಾಡ್ ಮತ್ತು ಲೋವರ್ ಆರ್ಮ್ ಒಂದೇ ಕಮಾನಿನಲ್ಲಿ ಚಲಿಸುವುದಿಲ್ಲವಾದ್ದರಿಂದ ಕಾರು ಇಳಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಪ್ರತಿ ಚಕ್ರ ಅರ್ಧ ಡಿಗ್ರಿ ತಪ್ಪಿದ್ದರೆ ಒಂದು ಕಿ.ಮೀ.ಗೆ 8.7 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ತಲುಪುವಷ್ಟರಲ್ಲಿ ಅರ್ಧ ಕಿ.ಮೀ. ಟೈರನ್ನು ಡಾಂಬರಿನ ಮೇಲೆ ಅಡ್ಡಡ್ಡ ಎಳೆದ ಲೆಕ್ಕ. ಒಂದು ಡಿಗ್ರಿ ಕ್ಯಾಂಬರ್ ಇದ್ದೂ ಟೋ ಸರಿಯಿರುವ ಟೈರ್ ಬಹಳ ದಿನ ಬರುತ್ತದೆ. ಟೋ ಕೆಟ್ಟಿದ್ದು ಕ್ಯಾಂಬರೂ ಇದ್ದರೆ ಒಳಅಂಚು ತಂತಿ ಕಾಣುವವರೆಗೆ ಹೋಗುತ್ತದೆ, ಹೊರಗಿಂದ ನೋಡಿದವರಿಗೆ ಟೈರ್ ಹೊಸದರಂತೆ ಕಾಣುತ್ತಿರುತ್ತದೆ.

ಕ್ರಮ ತಪ್ಪಬಾರದು. ಮೊದಲು ಗಾಳಿ, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಸಡಿಲವಾಗಿವೆಯೇ ನೋಡಿ. ಆಮೇಲೆ ಹಿಂದಿನ ಚಕ್ರ, ನಂತರ ಮುಂದಿನ ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ವಾಲಿರುವ ಕೋನ), ಕ್ಯಾಂಬರ್, ಕಟ್ಟಕಡೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಅದಕ್ಕೇ ಟೋ ಕೊನೆಗೆ. ಟಾರ್ಷನ್ ಬೀಮಿನಲ್ಲಿ ಹೊಂದಿಸುವ ಬೋಲ್ಟ್ ಇರುವುದಿಲ್ಲ, ತೀರಾ ತಪ್ಪಿದ್ದರೆ ಸ್ಟಬ್ ಆಕ್ಸಲ್ಲಿನ (ಚಕ್ರ ಕೂರುವ ಗಿಡ್ಡ ಅಚ್ಚು) ಹಿಂದೆ ಓರೆ ಶಿಮ್ (ತೆಳು ತಗಡು) ಕೊಡಬೇಕು. ಎಡಬಲ ಹಿಂದಿನ ಟೋ ಸಮ ಇಲ್ಲದಿದ್ದರೆ ಕಾರು ಏಡಿಯಂತೆ ಓರೆಯಾಗಿ ಓಡುತ್ತದೆ, ನೇರ ರಸ್ತೆಯಲ್ಲೂ ಸ್ಟೀರಿಂಗ್ ವಾರೆ ಇರುತ್ತದೆ. ಮುಂದಿನ ಕ್ಯಾಂಬರ್ ಹೆಚ್ಚಿನ ಕಾರುಗಳಲ್ಲಿ ಕಂಪನಿಯಿಂದ ಹೊಂದಿಸುವಂತಿಲ್ಲ. ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟಿನಲ್ಲಿ ಒಂದನ್ನು ತೆಗೆದು ಎಕ್ಸೆಂಟ್ರಿಕ್ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದೂವರೆ ಡಿಗ್ರಿಯಷ್ಟು ಆಚೀಚೆ ಸಿಗುತ್ತದೆ. 25 ಮಿ.ಮೀ. ಇಳಿಸಿದ ಕಾರಿಗೆ ಮುಂದೆ ಋಣ 0.5ರಿಂದ 1.2 ಡಿಗ್ರಿ ಕ್ಯಾಂಬರ್, ಎಡಬಲ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ, ಎರಡೂ ಚಕ್ರ ಸೇರಿ ಟೋ ಸೊನ್ನೆಯಿಂದ 0.1 ಡಿಗ್ರಿ ಒಳಕ್ಕೆ ಇರಿಸಿದರೆ ರಸ್ತೆಗೆ ಚೆನ್ನಾಗಿರುತ್ತದೆ. ಯಂತ್ರದ ಪರದೆಯಲ್ಲಿ ಎಲ್ಲ ಹಸಿರಾದರೆ ಸಾಲದು. ಆ ಹಸಿರಿನ ಮಿತಿ ಅಗಲವಾಗಿರುತ್ತದೆ, ಎಡಕ್ಕೆ ಒಂದು ಕೊನೆ, ಬಲಕ್ಕೆ ಇನ್ನೊಂದು ಕೊನೆ ಇದ್ದರೂ ಹಸಿರೇ. ಮೊದಲಿನ ಮತ್ತು ನಂತರದ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. ಇಎಸ್‌ಪಿ (ಕಾರು ಜಾರದಂತೆ ಹಿಡಿದಿಡುವ ವ್ಯವಸ್ಥೆ) ಇರುವ ಕಾರಾದರೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರಿನಲ್ಲಿ ಸೊನ್ನೆಗೆ ತರಿಸಿ.

ಮನೆಯಲ್ಲೇ ಟೋ ಪರೀಕ್ಷಿಸಲು ದಾರ ಸಾಕು. ಗಾರೆ ಕೆಲಸದವರ ನೀರಿನ ಟ್ಯೂಬಿನಲ್ಲಿ ನಾಲ್ಕು ಚಕ್ರದ ಜಾಗವನ್ನು ಒಂದೇ ಮಟ್ಟಕ್ಕೆ ತನ್ನಿ. ಮುಂದಿನ ಒಂದೊಂದು ಚಕ್ರದ ಕೆಳಗೆ ಎರಡೆರಡು ಟೈಲ್ಸ್, ನಯವಾದ ಮುಖಗಳ ನಡುವೆ ಗ್ರೀಸ್. ಚಕ್ರ ತಡೆಯಿಲ್ಲದೆ ಜಾರಬೇಕು. ಕಾರಿನ ಎರಡೂ ಬದಿಗೆ ಹಬ್ಬಿನ ಎತ್ತರದಲ್ಲಿ ದಾರ ಬಿಗಿಯಿರಿ. ಎರಡು ದಾರದ ನಡುವಿನ ಅಂತರ ಮುಂದೂ ಹಿಂದೂ ಒಂದೇ ಇರಬೇಕು. ಮುಂದಿನ ಹಬ್ಬುಗಳಿಂದ ದಾರಕ್ಕೆ ಎಡಬಲ ಸಮ, ಹಿಂದಿನವಕ್ಕೂ ಎಡಬಲ ಸಮ. ಮುಂದಿನದೂ ಹಿಂದಿನದೂ ಪರಸ್ಪರ ಸಮ ಬರಬೇಕಿಲ್ಲ, ಏಕೆಂದರೆ ಮುಂದಿನ ಚಕ್ರಗಳ ಅಂತರವೂ ಹಿಂದಿನವುಗಳ ಅಂತರವೂ ಬೇರೆಯಿರುತ್ತವೆ. ಸ್ಟೀರಿಂಗ್ ನೇರ ಕಟ್ಟಿ, ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. 15 ಇಂಚಿನ ರಿಮ್ಮಿನಲ್ಲಿ ಈ ಎರಡರ ನಡುವೆ ಒಂದು ಮಿ.ಮೀ. ವ್ಯತ್ಯಾಸ ಅಂದರೆ ಹೆಚ್ಚೂಕಡಿಮೆ 0.14 ಡಿಗ್ರಿ. ಮುಂದಿನ ಅಂಚು ದಾರದಿಂದ ದೂರವಿದ್ದರೆ ಟೋ ಒಳಕ್ಕಿದೆ. ಹಲವು ಕಾರುಗಳ ಟೈ ರಾಡಿನ ಎಳೆ 1.5 ಮಿ.ಮೀ. ಪಿಚ್, ಒಂದು ಪೂರ್ತಿ ಸುತ್ತಿಗೆ ಚಕ್ರ 0.6 ಡಿಗ್ರಿಯಷ್ಟು ತಿರುಗುತ್ತದೆ, ಅಂದರೆ ಆರು ಮುಖದ ನಟ್ಟಿನ ಒಂದು ಮುಖಕ್ಕೆ 0.1 ಡಿಗ್ರಿ. ಎರಡೂ ಬದಿ ಸಮನಾಗಿ ತಿರುಗಿಸಿ, ಇಲ್ಲವಾದರೆ ಸ್ಟೀರಿಂಗ್ ವಾರೆಯಾಗುತ್ತದೆ. ಲಾಕ್ ನಟ್ ಬಿಗಿಯುವಾಗ ರಾಡನ್ನು ಇನ್ನೊಂದು ಪಾನಾದಲ್ಲಿ ಹಿಡಿದಿರಿ. ಎಳೆಗೆ ಗ್ರೀಸ್ ಹಚ್ಚಿದರೆ ಮುಂದಿನ ಸಲ ತುಕ್ಕಿನ ಜೊತೆ ಜಗಳವಿಲ್ಲ.

ಹೊಸ ಸ್ಪ್ರಿಂಗ್ ಕೂರಲು ಸಮಯ ಬೇಕು. ಜೋಡಿಸಿದ ದಿನವೇ ಟೋ ಸರಿಮಾಡಿಸಿ, 500 ಕಿ.ಮೀ. ಆದ ಮೇಲೆ ಎತ್ತರ ಮತ್ತೆ ಅಳೆದು ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಆ ಮೇಲೆ ವರ್ಷಕ್ಕೆರಡು ಸಲ: ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ, ಗುಂಡಿಗಳ ಕಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ.

ನಡುವೆ ಕೈಯೇ ಯಂತ್ರ. ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಎಳೆಯಿರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ತಾಗಿದರೆ ಟೋ ತಪ್ಪಿದೆ. ಗರಗಸವಿಲ್ಲದೆ ಒಳಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಕಾರು ಎಡಕ್ಕೆ ಎಳೆಯುತ್ತದೆ ಅಂತ ಗಾಬರಿಯಾಗುವ ಮುನ್ನ ರಸ್ತೆ ನೋಡಿ. ಮಳೆನೀರು ಹರಿಯಲೆಂದು ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಶೇ 2ರಿಂದ 2.5ರಷ್ಟು ಇಳಿಜಾರು ಕೊಟ್ಟಿರುತ್ತಾರೆ, ಎಡಗಡೆ ಓಡುವ ಕಾರು ತುಸು ಎಡಕ್ಕೆ ಹೋಗುವುದು ಸಹಜ. ಸಮತಟ್ಟಾದ ಜಾಗದಲ್ಲೂ ಎಳೆದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ (ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳನ್ನು ಬಿಟ್ಟು). ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದು. ಸ್ಟೀರಿಂಗ್ ನಡುಗಿದರೆ ಮೊದಲು ರಿಮ್ಮಿನ ಒಳಬದಿ ತೊಳೆಯಿರಿ. ತೋಟದ ರಸ್ತೆಯ ಕೆಸರು ಅಲ್ಲಿ ಒಣಗಿ ಹಿಡಿದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿದ ಮರುದಿನವೇ ನಡುಕ ಬರುತ್ತದೆ.

ಬಿಚ್ಚಿದ ಕಂಪನಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ, ಮುಂದೆ, ಹಿಂದೆ ಅಂತ ಚೀಟಿ ಕಟ್ಟಿ, ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವಾಗಲೋ, ಮನೆಯ ದಾರಿ ಒಂದು ಮಳೆಗೆ ಕೊಚ್ಚಿಹೋದಾಗಲೋ ಅವು ಬೇಕಾಗುತ್ತವೆ. ವಾಪಸ್ ಹಾಕಿದಾಗಲೂ ಬುಷ್ ಸಡಿಲಿಸಿ ಹೊಸ ಎತ್ತರದಲ್ಲೇ ಬಿಗಿಯಬೇಕು, ಟೋ ಮತ್ತೆ ನೋಡಬೇಕು.